ಕಂಪ್ಯೂಟರ್‌ಗೆ ಗಾಳಿ ಹೊಡೆಯುವುದು ಹೇಗೆ: ಬೆಂಗಳೂರಿನ ಧೂಳಿಗೊಂದು ಸಮಗ್ರ ಮಾರ್ಗದರ್ಶಿ

ನಮ್ಮ ಕಡೆ ಕಂಪ್ಯೂಟರ್‌ಗೆ ವರ್ಷಕ್ಕೊಂದು ಸ್ನಾನ ಅಂತಿದ್ದರೆ ಅದು ಆಯುಧಪೂಜೆ ದಿನ. ಒದ್ದೆ ಬಟ್ಟೆಯಲ್ಲಿ ಡಬ್ಬದ ಮೈ ಒರೆಸಿ, ಮೂರು ಬೆರಳಲ್ಲಿ ವಿಭೂತಿ ಎಳೆದು, ಕುಂಕುಮದ ಬೊಟ್ಟಿಟ್ಟು, ಮೇಲೊಂದು ಚೆಂಡುಹೂವಿನ ಹಾರ ಹಾಕಿದರೆ ಮುಗಿಯಿತು. ಒಳಗೇನಿದೆ ಅಂತ ಯಾರೂ ನೋಡುವುದಿಲ್ಲ. ನಾನು ನನ್ನ ಡೆಸ್ಕ್‌ಟಾಪಿನ ಪಕ್ಕದ ತಗಡು ಮೊದಲ ಸಲ ಬಿಚ್ಚಿದಾಗ, ಮೇಲಿನ ಜಾಲರಿಯ ಕೆಳಗೆ ಮದರ್‌ಬೋರ್ಡಿನ ಅಂಚಿನುದ್ದಕ್ಕೂ ನಾಲ್ಕು ವರ್ಷದ ಕುಂಕುಮ ತೆಳ್ಳಗೆ ಕೂತಿತ್ತು. ಅದರ ಮೇಲೆ ಬೂದು ಧೂಳಿನ ಪದರ. ಗ್ರಾಫಿಕ್ಸ್ ಕಾರ್ಡಿನ ಬೆನ್ನ ಮೇಲೆ ಒಣಗಿ ಸುರುಟಿಕೊಂಡ ಎರಡು ಹೂವಿನ ಎಸಳು.

ಅವತ್ತಿನಿಂದ ಈ ಕೆಲಸ ನಾನೇ ಮಾಡಿಕೊಳ್ಳುತ್ತಿದ್ದೇನೆ. ತಪ್ಪು ಮಾಡಿ ಮಾಡಿ ಕಲಿತದ್ದು ಇಷ್ಟು: ಗಾಳಿ ಹೊಡೆದ ಮಾತ್ರಕ್ಕೆ ಧೂಳು ಮಾಯವಾಗುವುದಿಲ್ಲ, ಜಾಗ ಬದಲಿಸುತ್ತದೆ. ಎಲ್ಲಿಂದ ಹೊಡೆದರೆ ಅದು ಡಬ್ಬದಿಂದ ಹೊರಗೆ ಹೋಗುತ್ತದೆ, ಎಲ್ಲಿಂದ ಹೊಡೆದರೆ ಇನ್ನೂ ಒಳಗಿನ ಸಂದಿಗೆ ಸೇರಿಕೊಳ್ಳುತ್ತದೆ ಅನ್ನುವುದು ಗೊತ್ತಾದರೆ ಉಳಿದದ್ದೆಲ್ಲ ಸಲೀಸು.

ಮೊದಲು ಧೂಳನ್ನು ಮುಟ್ಟಿ ನೋಡಿ

ಬೆಂಗಳೂರಿನ ಮನೆಯ ಕಂಪ್ಯೂಟರಿನೊಳಗೆ ಸೇರುವುದು ಮೂರು ಬಗೆಯ ಕಸ. ಒಂದು, ಹೊರಗಿನ ಪುಡಿ: ಮೆಟ್ರೋ ಕಾಮಗಾರಿಯದು, ಪೈಪು ಹಾಕಲು ಅಗೆದು ಹಾಗೇ ಬಿಟ್ಟ ರಸ್ತೆಯದು, ಪಕ್ಕದ ಸೈಟಿನಲ್ಲಿ ಗ್ರಾನೈಟ್ ಕೊಯ್ಯುವ ಕಟರಿನದು. ಇದು ಒಣ ಧೂಳು, ಗಾಳಿಗೆ ಸುಲಭವಾಗಿ ಏಳುತ್ತದೆ. ಎರಡು, ಮನೆಯೊಳಗಿನ ನೂಲು: ಬಟ್ಟೆಯ ಎಳೆ, ತಲೆಗೂದಲು, ನಾಯಿ ಬೆಕ್ಕು ಇದ್ದರೆ ಅವುಗಳ ರೋಮ. ಬಿಸಿಯನ್ನು ಗಾಳಿಗೆ ಬಿಡುವ ಲೋಹದ ಹೀಟ್‌ಸಿಂಕಿನ ಫಿನ್‌ಗಳ, ಅಂದರೆ ಸಾಲಾಗಿ ನಿಂತ ತೆಳು ತಗಡುಗಳ, ನಡುವಿನ ಸಂದಿ ಒಂದೆರಡು ಮಿಲಿಮೀಟರ್ ಇದ್ದರೆ ಹೆಚ್ಚು. ಈ ಎಳೆಗಳು ಅದರ ಬಾಯಿಗೆ ಅಡ್ಡಲಾಗಿ ಸಿಕ್ಕಿಕೊಂಡು, ಅದರ ಮೇಲೆ ಪುಡಿ ಕೂತು, ಕೊನೆಗೆ ಕಂಬಳಿ ಹೊದಿಸಿದ ಹಾಗಾಗುತ್ತದೆ. ಮೂರನೆಯದು ಜಿಡ್ಡು. ಊದುಬತ್ತಿ ಹೊಗೆ, ಒಗ್ಗರಣೆ ಹೊಗೆ, ಸಿಗರೇಟು. ಇದಕ್ಕೆ ಗಾಳಿ ತಾಗುವುದೇ ಇಲ್ಲ.

ಹಾಗಾಗಿ ಫ್ಯಾನಿನ ಒಂದು ರೆಕ್ಕೆಯ ಅಂಚನ್ನು ಬೆರಳಲ್ಲಿ ಒರೆಸಿ ನೋಡಿ. ಬೂದು ಪುಡಿ ಬಂದರೆ ಗಾಳಿ ಸಾಕು. ಬೆರಳಿಗೆ ಕಂದು ಬಣ್ಣದ ಅಂಟು ಹತ್ತಿದರೆ ಬ್ರಷ್ಷೂ ಐಸೋಪ್ರೊಪೈಲ್ ಆಲ್ಕೋಹಾಲೂ ಬೇಕು. ಅದಿಲ್ಲದೆ ಎಷ್ಟು ಊದಿದರೂ ಮೇಲಿನ ಪದರ ಹಾರಿ ಕೆಳಗಿನದು ಹಾಗೇ ಉಳಿಯುತ್ತದೆ.

ಯಾವ ಗಾಳಿ?

ಅಂಗಡಿಯಲ್ಲಿ ಸಿಗುವ, ಒತ್ತಿದರೆ ಗಾಳಿ ಊದುವ ಕ್ಯಾನ್ ಮೇಲೆ ಏರ್ ಅಂತ ಬರೆದಿದ್ದರೂ ಒಳಗಿರುವುದು ಗಾಳಿಯಲ್ಲ. ಹೆಚ್ಚಾಗಿ ಡೈಫ್ಲೋರೋಈಥೇನ್ ಅಥವಾ ಟೆಟ್ರಾಫ್ಲೋರೋಈಥೇನ್ ಎಂಬ ಅನಿಲ, ಒತ್ತಡದಲ್ಲಿ ದ್ರವವಾಗಿ ಕೂತಿರುತ್ತದೆ. ಎರಡನೆಯದು ವರ್ಷಗಟ್ಟಲೆ ಕಾರಿನ ಎಸಿಗೆ ತುಂಬಿಸಿಕೊಂಡು ಬಂದ 134ಎ ಗ್ಯಾಸೇ. ಎರಡೂ ಸುಮಾರು ಮೈನಸ್ 25 ಡಿಗ್ರಿಯಲ್ಲೇ ಕುದಿಯುವಂಥವು. ಒತ್ತಿದಾಗ ದ್ರವ ಕುದ್ದು ಅನಿಲವಾಗಿ ಹೊರಬರುತ್ತದೆ, ಅದಕ್ಕೆ ಬೇಕಾದ ಶಾಖವನ್ನು ಕ್ಯಾನಿನಿಂದಲೇ ಎಳೆದುಕೊಳ್ಳುತ್ತದೆ. ಹತ್ತು ಸೆಕೆಂಡು ಬಿಡದೆ ಒತ್ತಿದರೆ ಕ್ಯಾನ್ ಕೈಯಲ್ಲಿ ಹಿಡಿಯಲಾರದಷ್ಟು ತಣ್ಣಗಾಗಿ, ಒತ್ತಡವೂ ಇಳಿದು, ಊದುವುದು ಸೊರಗುವುದು ಇದಕ್ಕೇ. ತಲೆಕೆಳಗು ಮಾಡಿದರೆ ಅನಿಲದ ಬದಲು ದ್ರವವೇ ಚಿಮ್ಮುತ್ತದೆ. ಬಿದ್ದ ಕಡೆ ಬೆಳ್ಳಗೆ ಹಿಮ ಕಟ್ಟುತ್ತದೆ, ಚರ್ಮಕ್ಕೆ ತಗುಲಿದರೆ ಸುಟ್ಟ ಹಾಗೆ ಗಾಯ. ಆದ್ದರಿಂದ ಕ್ಯಾನನ್ನು ನೆಟ್ಟಗೆ ಹಿಡಿಯಬೇಕು, ಬಳಸುವ ಮುನ್ನ ಅಲುಗಾಡಿಸಬಾರದು, ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಒತ್ತಬಾರದು. ಬೇಕಾದರೆ ಕಂಪ್ಯೂಟರನ್ನು ತಿರುಗಿಸಿಕೊಳ್ಳಿ, ಕ್ಯಾನನ್ನಲ್ಲ.

ಡೈಫ್ಲೋರೋಈಥೇನ್ ಬೆಂಕಿಗೆ ಹತ್ತಿಕೊಳ್ಳುತ್ತದೆ. ದೇವರ ದೀಪ, ಊದುಬತ್ತಿ, ಗ್ಯಾಸ್ ಒಲೆ ಇರುವ ಕಡೆ ಕ್ಯಾನ್ ತೆಗೆಯಲೇಬೇಡಿ. ಪೂಜೆಯ ದಿನವೇ ಶುಚಿ ಮಾಡುವವರು ಇದನ್ನು ನೆನಪಿಡಬೇಕು. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೂ ಬಿಡಬೇಡಿ. ಮಕ್ಕಳ ಕೈಗೆ ಸಿಗಬಾರದು, ಈ ಅನಿಲವನ್ನು ಮೂಸಿ ಪ್ರಾಣ ಕಳೆದುಕೊಂಡವರಿದ್ದಾರೆ.

ವರ್ಷಕ್ಕೆ ಒಂದೆರಡು ಸಲ ಲ್ಯಾಪ್‌ಟಾಪ್ ಊದುವವರಿಗೆ ಕ್ಯಾನ್ ಸಾಕು. ಡೆಸ್ಕ್‌ಟಾಪ್ ಇದ್ದರೆ ಕರೆಂಟಿನ ಬ್ಲೋವರ್ ಕೊಳ್ಳಿ, ಅದೇ ನನ್ನ ಸಲಹೆ. ಮೂರ್ನಾಲ್ಕು ಕ್ಯಾನಿನ ದುಡ್ಡಿಗೆ ಒಂದು ಸಾಧಾರಣ ಬ್ಲೋವರ್ ಬರುತ್ತದೆ, ವರ್ಷಗಟ್ಟಲೆ ಇರುತ್ತದೆ. ಎಸ್‌ಪಿ ರೋಡಿನಲ್ಲಿ, ಅಂದರೆ ಸಾದರ್ ಪತ್ರಪ್ಪ ರಸ್ತೆಯಲ್ಲಿ, ಬಡಾವಣೆಯ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. 500ರಿಂದ 700 ವಾಟಿನದು ಧಾರಾಳವಾಯಿತು. ಸ್ಪೀಡ್ ಕಡಿಮೆ ಮಾಡುವ ತಿರುಪು ಇರುವುದನ್ನೇ ಕೇಳಿ. ಅದರಲ್ಲಿ ಎಳೆದುಕೊಳ್ಳುವ ಚೀಲವೂ ಇರುತ್ತದೆ, ಅದನ್ನು ಕಂಪ್ಯೂಟರ್‌ಗೆ ಬಳಸಬೇಡಿ. ವ್ಯಾಕ್ಯೂಮ್ ಕ್ಲೀನರ್ ಕೂಡ ಬೇಡ. ಪ್ಲಾಸ್ಟಿಕ್ ಕೊಳವೆಯಲ್ಲಿ ಧೂಳು ಉಜ್ಜಿಕೊಂಡು ಹೋಗುವಾಗ ಸ್ಥಿರ ವಿದ್ಯುತ್ ಹುಟ್ಟುತ್ತದೆ, ಫೆಬ್ರವರಿ ಮಾರ್ಚಿನ ಒಣ ಮಧ್ಯಾಹ್ನಗಳಲ್ಲಿ ಇನ್ನೂ ಜಾಸ್ತಿ.

ಇನ್ನು ಪಂಕ್ಚರ್ ಅಂಗಡಿಯ ಗಾಳಿ. ಬಹಳ ಜನ ಕೇಳುತ್ತಾರೆ, ಪುಕ್ಕಟೆ ಅಲ್ಲವಾ ಅಂತ. ನಾನೂ ಒಮ್ಮೆ ಕ್ಯಾಬಿನೆಟ್ಟನ್ನು ಸ್ಕೂಟರಿನ ಮುಂದೆ ಕಾಲ ಸಂದಿಯಲ್ಲಿಟ್ಟುಕೊಂಡು ಹೋಗಿದ್ದೆ.

"ಸ್ವಲ್ಪ ಲೈಟಾಗಿ ಹೊಡೀರಿ ಅಣ್ಣ" ಅಂದೆ.

"ಲೈಟು ಗೀಟು ಏನಿಲ್ಲ ಸಾರ್, ಇದ್ರಲ್ಲಿ ಇರೋದೇ ಒಂದು ಸ್ಪೀಡು" ಅಂದು ಒತ್ತೇಬಿಟ್ಟರು.

ಸಿಪಿಯು ಫ್ಯಾನ್ ಶಿಳ್ಳೆ ಹಾಕುತ್ತ ತಿರುಗಿತು. ಧೂಳೇನೋ ಒಂದೇ ಸಲಕ್ಕೆ ಹೋಯಿತು, ಆದರೆ ಬೋರ್ಡಿನ ಮೇಲೆ ಇಬ್ಬನಿ ಬಿದ್ದ ಹಾಗೆ ಸಣ್ಣ ಹನಿಗಳು. ಗಾಳಿಯನ್ನು ಒತ್ತಿ ತುಂಬಿದಾಗ ಅದರಲ್ಲಿದ್ದ ತೇವ ಟ್ಯಾಂಕಿನೊಳಗೆ ನೀರಾಗಿ ನಿಲ್ಲುತ್ತದೆ, ಜೊತೆಗೆ ಪಿಸ್ಟನ್ನಿನ ಎಣ್ಣೆಯ ಹಬೆಯೂ ಬರುತ್ತದೆ. ಒತ್ತಡ ಬೇರೆ. ಕಾರಿನ ಟೈರಿಗೆ 30ರಿಂದ 35 ಪಿಎಸ್‌ಐ ಹಾಕುತ್ತಾರೆ, ಟ್ಯಾಂಕಿನಲ್ಲಿರುವುದು ಅದರ ಮೂರು ಪಟ್ಟು. ಎರಡು ದಿನ ಒಣಗಿಸಿದ ಮೇಲೆ ಬೋರ್ಡ್ ಬದುಕಿತು. ಫ್ಯಾನ್ ಮಾತ್ರ ಆಮೇಲೆ ಕಾಫಿಪುಡಿ ಮಿಷನ್ನಿನ ಹಾಗೆ ಗರಗರ ಅನ್ನತೊಡಗಿ, ಹೊಸದು ತರಬೇಕಾಯಿತು. ಅವರದೇನೂ ತಪ್ಪಿಲ್ಲ, ಟೈರಿನ ಗಾಳಿಗೆ ಕಂಪ್ಯೂಟರ್ ಒಯ್ದವನು ನಾನು. ತೇವ ಸೋಸುವ ಫಿಲ್ಟರ್, ಒತ್ತಡ ಇಳಿಸುವ ರೆಗ್ಯುಲೇಟರ್ ಎರಡೂ ಇರುವ ಕಂಪ್ರೆಸರ್ ಸಿಕ್ಕರೆ 30 ಪಿಎಸ್‌ಐ ಒಳಗಿಟ್ಟು ಬಳಸಬಹುದು. ಇಲ್ಲದಿದ್ದರೆ ಬೇಡ. ಬಾಯಲ್ಲಿ ಊದುವುದೂ ಬೇಡ, ಎಂಜಲು ಹಾರುತ್ತದೆ.

ಬಿಚ್ಚುವ ಮುನ್ನ

ಶುರು ಮಾಡುವ ಮೊದಲು ಪ್ರೊಸೆಸರಿನ ಈಗಿನ ಬಿಸಿ ಎಷ್ಟು ಅಂತ ಬರೆದಿಟ್ಟುಕೊಳ್ಳಿ. ಅದನ್ನು ತೋರಿಸಲು ವಿಂಡೋಸ್‌ನಲ್ಲಿ ಎಚ್‌ಡಬ್ಲ್ಯೂಇನ್ಫೋ ಎಂಬ ತಂತ್ರಾಂಶ, ಲಿನಕ್ಸ್‌ನಲ್ಲಿ ಸೆನ್ಸರ್ಸ್ ಆದೇಶ. ಸುಮ್ಮನಿದ್ದಾಗ ಒಂದು ಅಂಕಿ, ಹತ್ತು ನಿಮಿಷ ಭಾರದ ಕೆಲಸ ಕೊಟ್ಟಾಗ ಇನ್ನೊಂದು. ಇದಿಲ್ಲದಿದ್ದರೆ ಆಮೇಲೆ ಏನು ಪ್ರಯೋಜನವಾಯಿತು ಅಂತ ತಿಳಿಯುವುದಿಲ್ಲ.

ಶಿಫ್ಟ್ ಕೀ ಒತ್ತಿಕೊಂಡೇ ಶಟ್‌ಡೌನ್ ಮಾಡಿ. ವಿಂಡೋಸ್ ಆಗ ಅರೆನಿದ್ದೆ ಬಿಟ್ಟು ಪೂರ್ತಿ ಮಲಗುತ್ತದೆ. ಗೋಡೆಯ ಸ್ವಿಚ್ ಆರಿಸಿದರೆ ಸಾಲದು, ನಮ್ಮ ಮನೆಗಳಲ್ಲಿ ನಡುವೆ ಯುಪಿಎಸ್ ಇರುತ್ತದಲ್ಲ, ಗೋಡೆಯಲ್ಲಿ ಕರೆಂಟ್ ಹೋದರೂ ಅದು ಕೊಡುತ್ತಲೇ ಇರುತ್ತದೆ. ಕ್ಯಾಬಿನೆಟ್ಟಿನ ಹಿಂದಿನಿಂದ ಪವರ್ ವೈರನ್ನೇ ಕಿತ್ತುಬಿಡಿ. ಆಮೇಲೆ ಪವರ್ ಬಟನ್ನನ್ನು ಹತ್ತು ಹದಿನೈದು ಸೆಕೆಂಡು ಒತ್ತಿ ಹಿಡಿಯಿರಿ, ಬೋರ್ಡಿನಲ್ಲಿ ಉಳಿದ ಕರೆಂಟ್ ಇಳಿಯುತ್ತದೆ. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು, ಅಂದರೆ ಒಳಗಿನ ಭಾಗಗಳಿಗೆಲ್ಲ ಕರೆಂಟ್ ಹಂಚುವ ಪವರ್ ಸಪ್ಲೈಯನ್ನು, ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. ನಮ್ಮ 230 ವೋಲ್ಟ್ ಎಸಿ ಅದರೊಳಗೆ 300 ವೋಲ್ಟಿಗೂ ಮಿಕ್ಕ ಡಿಸಿಯಾಗಿ ಕೆಪಾಸಿಟರಿನಲ್ಲಿ ಕೂತಿರುತ್ತದೆ, ವೈರ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಇರುತ್ತದೆ.

ಬೇಕಾದ ಸಾಮಾನು ಕಡಿಮೆ: ಸ್ಟಾರ್ ಸ್ಕ್ರೂಡ್ರೈವರ್, ಪೇಂಟ್ ಅಂಗಡಿಯ ಒಂದಿಂಚಿನ ಹೊಸ ಮೆತ್ತನೆ ಬ್ರಷ್, ಒಂದು ಹಿಡಿ ಟೂತ್‌ಪಿಕ್, ಇಯರ್‌ಬಡ್, ಕೋವಿಡ್ ಕಾಲದ ಎನ್95 ಮಾಸ್ಕ್ ಉಳಿದಿದ್ದರೆ ಅದು. ಮಾಸ್ಕ್ ಇಲ್ಲದೆ ಮಾಡಿದರೆ ಸಂಜೆಯವರೆಗೂ ಸೀನು. ವೈರುಗಳ ಫೋಟೋ ಎರಡು ಕಡೆಯಿಂದ ತೆಗೆದಿಟ್ಟುಕೊಳ್ಳಿ.

ಜಾಗ ಅಂದರೆ ತಾರಸಿ ಅಥವಾ ಬಾಲ್ಕನಿ, ಗಾಳಿ ನಿಮ್ಮ ಬೆನ್ನ ಕಡೆಯಿಂದ ಬರುವ ಹಾಗೆ. ಒಗೆದ ಬಟ್ಟೆಯ ತಂತಿ ಎಲ್ಲಿದೆ ಮೊದಲು ನೋಡಿ. "ಬೆಳಗ್ಗೆಯಿಂದ ಒಗ್ದು ಹಾಕಿದ್ದೀನಿ ಕಣೋ, ಇಲ್ಲೇ ಆಗ್ಬೇಕಾ ನಿನ್ ಕೆಲ್ಸ?" ಅಂತ ಅಮ್ಮನಿಂದ ಬೈಸಿಕೊಂಡ ಮೇಲೆ ನಾನು ಭಾನುವಾರ ಬಿಟ್ಟು ಬುಧವಾರ ಮಾಡುತ್ತೇನೆ. ತುಂತುರು ಇರುವ ದಿನ ಬೇಡ.

ಡೆಸ್ಕ್‌ಟಾಪ್

ಪಕ್ಕದ ತಗಡು ತೆಗೆದು, ಬಣ್ಣ ಬಳಿಯದ ಲೋಹದ ಭಾಗವನ್ನು ಒಮ್ಮೆ ಮುಟ್ಟಿ, ಮೈಮೇಲಿನ ಸ್ಥಿರ ವಿದ್ಯುತ್ ಹೋಗಲಿ. ನಡುನಡುವೆಯೂ ಮುಟ್ಟುತ್ತಿರಿ. ರ‍್ಯಾಮ್, ಕಾರ್ಡು ಏನನ್ನೂ ಈಗಲೇ ಕೀಳಬೇಡಿ. ಕಿತ್ತರೆ ಖಾಲಿ ಸ್ಲಾಟಿನೊಳಗೆ ಹಾರುವ ಧೂಳೆಲ್ಲ ಹೋಗಿ ಕೂರುತ್ತದೆ.

ಮುಂದಿನ, ಕೆಳಗಿನ ಜಾಲರಿ ಫಿಲ್ಟರುಗಳನ್ನು ಹೊರಗೆ ತೆಗೆದು ನಲ್ಲಿಯ ಕೆಳಗೆ ಹಿಡಿಯಿರಿ, ನೆರಳಲ್ಲಿ ಒಣಗಲು ಹಾಕಿ. ಆಮೇಲೆ ಒಣ ಬ್ರಷ್ಷಿನಲ್ಲಿ ದಪ್ಪ ಧೂಳನ್ನು ಸಡಿಲ ಮಾಡಿ, ಮೇಲಿನಿಂದ ಕೆಳಕ್ಕೆ. ಬಹಳ ಜನ ಇದನ್ನು ಬಿಟ್ಟು ನೇರ ಗಾಳಿಗೆ ಹೋಗುತ್ತಾರೆ, ಅದಕ್ಕೇ ಅರ್ಧ ಧೂಳು ಉಳಿದುಬಿಡುತ್ತದೆ.

ಈಗ ಮುಖ್ಯವಾದ ಭಾಗ, ಸಿಪಿಯು ಕೂಲರ್, ಅಂದರೆ ಪ್ರೊಸೆಸರನ್ನು ತಣ್ಣಗಿಡುವ ಫ್ಯಾನು ಮತ್ತು ಹೀಟ್‌ಸಿಂಕು. ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಡೆದು ಹಿಡಿಯಿರಿ, ಬೆರಳು ಹೋಗದಿದ್ದರೆ ಟೂತ್‌ಪಿಕ್ ಸಿಕ್ಕಿಸಿ. ಹಿಡಿಯದೆ ಊದಿದರೆ ಅದು ತನ್ನ ಮಿತಿ ಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಜೊತೆಗೆ ತಿರುಗುವ ಮೋಟಾರು ಡೈನಮೋ ಥರ ಬೋರ್ಡಿನ ಕಡೆಗೆ ಕರೆಂಟ್ ತಳ್ಳಲೂಬಹುದು. ನೋಡಲು ಗಿರಗಿಟ್ಲೆಯ ಹಾಗೆ ಮಜಾ ಇರುತ್ತದೆ, ಆದರೂ ಬೇಡ.

ಧೂಳಿನ ಕಂಬಳಿ ಇರುವುದು ಫ್ಯಾನಿಗೂ ಫಿನ್‌ಗೂ ನಡುವೆ, ಗಾಳಿ ಒಳಹೋಗುವ ಮುಖದಲ್ಲಿ. ಫ್ಯಾನಿನ ಕಡೆಯಿಂದಲೇ ಊದಿದರೆ ಅದನ್ನು ಫಿನ್ ಸಂದಿಯೊಳಗೆ ಇನ್ನಷ್ಟು ಗಿಡಿದಂತೆ. ಗೋಪುರದಂಥ ಕೂಲರ್ ಆದರೆ ಫ್ಯಾನ್ ಹಿಡಿದಿರುವ ತಂತಿಯ ಕ್ಲಿಪ್ ಬಿಡಿಸಿ ಫ್ಯಾನನ್ನು ಪಕ್ಕಕ್ಕಿಟ್ಟು, ಹಿಂದಿನ ಕಡೆಯಿಂದ ಹೊಡೆಯಿರಿ. ಧೂಳು ಬಂದ ದಾರಿಯಲ್ಲೇ ವಾಪಸ್ ಹೊರಡಬೇಕು. ಪ್ರೊಸೆಸರ್ ಜೊತೆ ಬರುವ ದುಂಡು ಕೂಲರ್ ಆದರೆ ಫ್ಯಾನ್ ಮೇಲಿರುತ್ತದೆ, ಹಾಗಾಗಿ ಬದಿಯಿಂದ ಫಿನ್‌ಗಳ ನಡುವೆ ಊದಿ, ಸುತ್ತಲೂ ನಾಲ್ಕು ಕಡೆಯಿಂದ. ಬ್ಲೋವರ್ ಮೂತಿಗೂ ಕೂಲರಿಗೂ ಒಂದು ಗೇಣು ಅಂತರ ಇರಲಿ, ಕ್ಯಾನ್ ಆದರೆ ನಾಲ್ಕು ಬೆರಳು. ಚೆನ್ನಾಗಿ ಬಂದಾಗ ಧೂಳು ಪುಡಿಯಾಗಿ ಅಲ್ಲ, ಬೂದು ಬಟ್ಟೆಯ ಚೂರಿನ ಹಾಗೆ ಇಡಿಯಾಗಿ ಎದ್ದು ಹಾರುತ್ತದೆ. ಅದನ್ನು ನೋಡಿದಾಗ ಸಿಗುವ ಸಮಾಧಾನವೇ ಬೇರೆ.

ಗ್ರಾಫಿಕ್ಸ್ ಕಾರ್ಡಿಗೂ ಇದೇ ನಿಯಮ, ಎರಡು ಮೂರು ಫ್ಯಾನ್ ಇದ್ದರೆ ಎಲ್ಲವನ್ನೂ ತಡೆಯಬೇಕು. ಕಂಬಳಿ ದಪ್ಪವಿದ್ದರೆ ಹಿಂದಿನ ಸ್ಕ್ರೂ ಬಿಚ್ಚಿ, ಸ್ಲಾಟಿನ ತುದಿಯ ಚಿಲಕ ಒತ್ತಿ ಕಾರ್ಡನ್ನು ಹೊರಗೆ ತೆಗೆದು ಊದುವುದೇ ವಾಸಿ. ಚಿಲಕ ಒತ್ತದೆ ಎಳೆದು ಸ್ಲಾಟನ್ನೇ ಮುರಿದವರನ್ನು ಕಂಡಿದ್ದೇನೆ.

ಎಸ್‌ಎಂಪಿಎಸ್‌ಗೆ ಹಿಂದಿನ ಜಾಲರಿಯಿಂದ ಒಳಕ್ಕೆ ಮೂರ್ನಾಲ್ಕು ಸಲ ಹೊಡೆಯಿರಿ, ಫ್ಯಾನಿನ ಕಡೆಯಿಂದ ಧೂಳು ಹೊರಬರುತ್ತದೆ. ಆ ಫ್ಯಾನ್ ತಡೆಯಲು ಟೂತ್‌ಪಿಕ್ಕೇ ಆಗಬೇಕು, ಸ್ಕ್ರೂಡ್ರೈವರ್ ತೂರಿಸಬೇಡಿ. ಕ್ಯಾಬಿನೆಟ್ ಫ್ಯಾನುಗಳ ರೆಕ್ಕೆಗೆ ಬ್ರಷ್ ಸಾಕು. ಹಾರ್ಡ್‌ಡಿಸ್ಕ್ ಇದ್ದರೆ ಅದರ ಮೈಮೇಲೆ, ಮುಚ್ಚಬಾರದು ಅಂತ ಬರೆದ ಸಣ್ಣ ಉಸಿರುತೂತು ಇರುತ್ತದೆ, ಅದರೊಳಕ್ಕೆ ಊದಬೇಡಿ. ಖಾಲಿ ಸ್ಲಾಟು, ಯುಎಸ್‌ಬಿ ಪೋರ್ಟುಗಳಿಗೆ ಕೊನೆಯಲ್ಲಿ ದೂರದಿಂದ ಒಂದೊಂದು ಸಲ.

ಕಡೆಗೆ ಕ್ಯಾಬಿನೆಟ್ಟನ್ನು ವಾಲಿಸಿ ತಳದ ಕಸ ಸುರಿಯಿರಿ. ಜಿರಳೆ ರೆಕ್ಕೆ, ಇರುವೆ, ಕಳೆದುಹೋಗಿದ್ದ ಸ್ಕ್ರೂ ಎಲ್ಲ ಸಿಗುತ್ತವೆ. ಒಮ್ಮೆ ನನಗೆ ಎಸ್‌ಎಂಪಿಎಸ್ ಪಕ್ಕದ ಬೆಚ್ಚನೆ ಮೂಲೆಯಲ್ಲಿ ಬಟಾಣಿ ಗಾತ್ರದ ಎರಡು ಹಲ್ಲಿ ಮೊಟ್ಟೆ ಸಿಕ್ಕವು, ತಗಡಿಗೆ ಅಂಟಿಕೊಂಡು. ಗಾಳಿಗೆ ಅಲ್ಲಾಡಲೇ ಇಲ್ಲ. ಹಿಂದಿನ ಖಾಲಿ ಸ್ಲಾಟಿನ ಪಟ್ಟಿ ಬಿದ್ದುಹೋಗಿದ್ದ ಕಿಂಡಿಯಿಂದ ತಾಯಿ ಬಂದಿದೆ. ಆ ಪಟ್ಟಿ ನಿಮ್ಮ ಕ್ಯಾಬಿನೆಟ್ಟಿನಲ್ಲಿದೆಯಾ ನೋಡಿಕೊಳ್ಳಿ.

ಲ್ಯಾಪ್‌ಟಾಪ್

ಬಿಚ್ಚದೆ ಹೊರಗಿನ ಕಿಂಡಿಯಿಂದ ಊದುವವರೇ ಹೆಚ್ಚು. ಧೂಳು ಹೊಸದಾಗಿದ್ದರೆ ಸರಿ. ಎರಡು ವರ್ಷ ದಾಟಿದ್ದರೆ ಅದರಿಂದ ಕೆಟ್ಟದ್ದೇ ಆಗಬಹುದು. ಲ್ಯಾಪ್‌ಟಾಪಿನಲ್ಲಿ ಫ್ಯಾನ್ ಬಿಟ್ಟ ಗಾಳಿ ತಾಮ್ರದ ಸಣ್ಣ ಫಿನ್‌ಗಳ ಮೂಲಕ ಹೊರಹೋಗುತ್ತದೆ. ಧೂಳು ಆ ಫಿನ್‌ಗಳ ಒಳಮುಖದಲ್ಲಿ, ಫೆಲ್ಟ್ ಬಟ್ಟೆಯ ಪಟ್ಟಿಯ ಹಾಗೆ ಗಟ್ಟಿಯಾಗಿ ಕೂತಿರುತ್ತದೆ. ಹೊರಗಿನಿಂದ ಊದಿದರೆ ಆ ಪಟ್ಟಿ ಕಿತ್ತುಕೊಂಡು ಫ್ಯಾನಿನ ಮೇಲೆ ಬೀಳುತ್ತದೆ. ಆನ್ ಮಾಡಿದ ಕೂಡಲೇ ಟರಟರ ಸದ್ದು, ಇಲ್ಲವೇ ಪಟ್ಟಿ ಮತ್ತೆ ಹೋಗಿ ಅದೇ ಜಾಗದಲ್ಲಿ ಅಡ್ಡಬಿದ್ದಿರುತ್ತದೆ.

ವಾರಂಟಿ ಇದ್ದರೆ ಷರತ್ತು ಓದಿ ಮುಂದುವರಿಯಿರಿ. ಕೆಳಗಿನ ಸ್ಕ್ರೂಗಳು ಒಂದೇ ಉದ್ದ ಇರುವುದಿಲ್ಲ. ಹಾಳೆಯ ಮೇಲೆ ಲ್ಯಾಪ್‌ಟಾಪಿನ ಆಕಾರ ಬರೆದು ಆಯಾ ಸ್ಥಾನದಲ್ಲೇ ಸ್ಕ್ರೂ ಚುಚ್ಚಿಡಿ. ರಬ್ಬರ್ ಕಾಲಿನ ಕೆಳಗೆ ಒಂದೆರಡು ಅಡಗಿರುತ್ತವೆ. ಅಂಚನ್ನು ಬಿಡಿಸಲು ಅವಧಿ ಮುಗಿದ ಎಟಿಎಂ ಕಾರ್ಡು, ಲೋಹದ್ದು ಬೇಡ. ತೆರೆದ ಕೂಡಲೇ ಮಾಡಬೇಕಾದ ಮೊದಲ ಕೆಲಸ ಬ್ಯಾಟರಿಯ ಕನೆಕ್ಟರ್ ಬಿಡಿಸುವುದು. ವೈರನ್ನು ಎಳೆಯದೆ, ಪ್ಲಾಸ್ಟಿಕ್ ತಲೆಯನ್ನು ಉಗುರಿನಿಂದ ಎರಡೂ ಕಡೆ ಸ್ವಲ್ಪ ಸ್ವಲ್ಪ ಸರಿಸಿ.

ಫ್ಯಾನಿಗೆ ಟೂತ್‌ಪಿಕ್ ಸಿಕ್ಕಿಸಿ. ಆಗುವುದಾದರೆ ಫ್ಯಾನಿನ ಮೂರ್ನಾಲ್ಕು ಸ್ಕ್ರೂ ತೆಗೆದು ಅದನ್ನು ಎತ್ತಿ, ಫೆಲ್ಟ್ ಪಟ್ಟಿಯನ್ನು ಚಿಮಟದಲ್ಲಿ ಹಿಡಿದು ಎಳೆಯಿರಿ. ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಇದು ಕಿರುಬೆರಳಿನಷ್ಟು ಉದ್ದ ಒಂದೇ ತುಂಡಾಗಿ ಬಂತು. ಅದಾದ ಮೇಲೆ ಕ್ಯಾನಿನ ನಳಿಕೆ ಸಿಕ್ಕಿಸಿ ಹೊರಗಿನಿಂದ ಒಳಕ್ಕೆ ಎರಡು ಸಲ, ಒಳಗಿನಿಂದ ಹೊರಕ್ಕೆ ಎರಡು ಸಲ. ಬ್ಲೋವರ್ ಆದರೆ ಕನಿಷ್ಠ ಸ್ಪೀಡಿನಲ್ಲಿ ಮೊಳ ದೂರದಿಂದ, ಸಡಿಲ ರಿಬ್ಬನ್ ವೈರುಗಳ ಮೇಲೆ ನೇರ ಬೀಳದ ಹಾಗೆ.

2020ರಲ್ಲಿ ಆ್ಯಪಲ್‌ನ ಎಂ1 ಚಿಪ್ ಬಂದ ಮೇಲಿನ ಮ್ಯಾಕ್‌ಬುಕ್ ಏರ್‌ಗಳಲ್ಲಿ ಫ್ಯಾನೇ ಇಲ್ಲ. ಅವನ್ನು ಇದಕ್ಕಾಗಿ ಬಿಚ್ಚುವ ಗೋಜಿಗೆ ಹೋಗಬೇಡಿ.

ಕೀಬೋರ್ಡನ್ನು ಓರೆಯಾಗಿ ನಿಲ್ಲಿಸಿ ಸಾಲಾಗಿ ಊದಿದರಾಯಿತು, ಖಾರಾ ಮಂಡಕ್ಕಿಯೆಲ್ಲ ತಾನೇ ಉದುರುತ್ತದೆ. ಲೇಸರ್ ಪ್ರಿಂಟರಿಗೆ ಮಾತ್ರ ಗಾಳಿ ಹೊಡೆಯಬೇಡಿ. ಟೋನರ್ ಪುಡಿ ಎದ್ದರೆ ಕೋಣೆಯೆಲ್ಲ ಕಪ್ಪು, ಶ್ವಾಸಕ್ಕೂ ಕೆಟ್ಟದ್ದು.

ಮತ್ತೆ ಆನ್ ಮಾಡುವಾಗ

ಅರ್ಧ ಗಂಟೆ ಹಾಗೇ ಬಿಡಿ, ಕ್ಯಾನ್ ಬಳಸಿದ್ದರೆ ಖಂಡಿತ. ತಣ್ಣಗಾದ ಲೋಹದ ಮೇಲೆ ಗಾಳಿಯ ತೇವ ಹನಿಗಟ್ಟಿರುತ್ತದೆ, ಮಳೆಗಾಲದಲ್ಲಿ ಕಣ್ಣಿಗೇ ಕಾಣುತ್ತದೆ. ಸಿಕ್ಕಿಸಿದ ಟೂತ್‌ಪಿಕ್ಕುಗಳನ್ನು ಎಣಿಸಿ ತೆಗೆಯಿರಿ. ತಗಡು ಮುಚ್ಚುವ ಮೊದಲು ಒಮ್ಮೆ ಆನ್ ಮಾಡಿ ಎಲ್ಲ ಫ್ಯಾನೂ ತಿರುಗುತ್ತಿವೆಯಾ ನೋಡಿ. ಟಿಕ್‌ಟಿಕ್ ಸದ್ದು ಬಂದರೆ ಯಾವುದೋ ವೈರ್ ರೆಕ್ಕೆಗೆ ತಾಗುತ್ತಿದೆ. ಪರದೆ ಬರದಿದ್ದರೆ ಗಾಬರಿ ಬೇಡ, ವೈರ್ ಕಿತ್ತು, ರ‍್ಯಾಮನ್ನು ತೆಗೆದು ಟಕ್ ಎನ್ನುವವರೆಗೆ ಮತ್ತೆ ಕೂರಿಸಿ. ಹೆಚ್ಚಿನ ಸಲ ಅಷ್ಟೇ ಇರುತ್ತದೆ.

ಈಗ ಬರೆದಿಟ್ಟ ಅಂಕಿಗಳ ಜೊತೆ ಹೋಲಿಸಿ. ಇಂಟೆಲ್‌ನ ಬಹಳಷ್ಟು ಪ್ರೊಸೆಸರುಗಳು 100 ಡಿಗ್ರಿಗೆ, ಎಎಂಡಿಯ ರೈಜೆನ್ 7000 ಸರಣಿಯ ಹೆಚ್ಚಿನವು 95ಕ್ಕೆ ಬಂದಾಗ ತಮ್ಮ ವೇಗ ತಾವೇ ಇಳಿಸಿಕೊಳ್ಳುತ್ತವೆ. ಧೂಳು ತೆಗೆದ ಮೇಲೂ ಆ ಗಡಿಯಲ್ಲೇ ಇದ್ದರೆ ಗಾಳಿಯ ಕೆಲಸ ಮುಗಿದಿದೆ, ಪ್ರೊಸೆಸರಿಗೂ ಕೂಲರಿಗೂ ನಡುವೆ ಬಿಸಿ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿದ್ದರೆ ಅದನ್ನು ಬದಲಿಸಬೇಕಾಗಬಹುದು.

ನೆಲಮಹಡಿ, ರಸ್ತೆ ಪಕ್ಕದ ಮನೆಯಾದರೆ ಮೂರು ತಿಂಗಳಿಗೊಮ್ಮೆ ಫಿಲ್ಟರ್ ತೊಳೆಯಿರಿ. ಪೂರ್ತಿ ಊದುವುದು ವರ್ಷಕ್ಕೆ ಎರಡು ಸಲ: ಮಳೆ ಹಿಡಿಯುವ ಮುನ್ನ ಏಪ್ರಿಲ್ ಮೇನಲ್ಲಿ, ಮತ್ತೆ ದಸರೆಯ ಹೊತ್ತಿಗೆ. ಧೂಳು ಮಳೆಗಾಲದ ತೇವ ಕುಡಿದರೆ ಗಟ್ಟಿಯಾಗುತ್ತದೆ, ಆಮೇಲೆ ಊದಿದರೆ ಏಳುವುದಿಲ್ಲ. ಕ್ಯಾಬಿನೆಟ್ಟನ್ನು ನೆಲದ ಮೇಲಿಡದೆ ಮೊಳದೆತ್ತರದ ಸ್ಟೂಲಿನ ಮೇಲಿಡಿ. ದಿನಾ ಪೊರಕೆ ಆಡುವ ಎತ್ತರದಲ್ಲಿ ಅದರ ಮೂಗು ಇದ್ದರೆ ಯಾವ ಫಿಲ್ಟರೂ ತಡೆಯಲಾರದು.

ಆಯುಧಪೂಜೆಗೆ ಹಿಂದಿನ ದಿನವೇ ಊದಿ ಮುಗಿಸುತ್ತೇನೆ. ಬೊಟ್ಟು ಈಗ ಮೇಲಿನ ಜಾಲರಿಗಿಲ್ಲ. ಅಮ್ಮ ಕುಂಕುಮವನ್ನು ಎರಡು ಹನಿ ನೀರಲ್ಲಿ ಕಲಸಿ, ತೂತಿಲ್ಲದ ಪಕ್ಕದ ತಗಡಿಗೆ ಇಡುತ್ತಾರೆ. ಹಾರವನ್ನು ಮಾನಿಟರಿಗೆ ಹಾಕಿ ಅಂತ ನಾನು ಹೇಳಿ ಮೂರು ವರ್ಷವಾಯಿತು, ಅದು ಇನ್ನೂ ಕ್ಯಾಬಿನೆಟ್ಟಿನ ತಲೆಯ ಮೇಲೇ ಬೀಳುತ್ತಿದೆ.